ಎತ್ತು ಏರಿಗೆ, ಕೋಣ ನೀರಿಗೆ: ಒಂದೇ ಆಫೀಸಿನ ಟೀಮುಗಳು ಯಾಕೆ ಕಿತ್ತಾಡುತ್ತವೆ?

ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಒಂದು ದೂರು 19 ದಿನ ಅಲೆದಾಡಿತು. ಗ್ರಾಹಕರೊಬ್ಬರು ಬರೆದಿದ್ದು ಎರಡೇ ಸಾಲು: "ತಿಂಗಳ ಮಧ್ಯೆ ಪ್ಲಾನ್ ಬದಲಾಯಿಸಿದೆ. ಬಿಲ್ಲಿನಲ್ಲಿ ಒಂದು ದಿನಕ್ಕೆ ಎರಡು ಸಲ ದುಡ್ಡು ಹಾಕಿದ್ದೀರಿ." ಸಪೋರ್ಟ್ ಟೀಮಿನವರು ಅದನ್ನು ಬಿಲ್ಲಿಂಗ್ ಟೀಮಿಗೆ ಕಳಿಸಿದರು. ಬಿಲ್ಲಿಂಗ್‌ನವರು "ನಮ್ಮ ಕಡೆ ಸರಿ ಇದೆ, ಸಾಫ್ಟ್‌ವೇರ್‌ನವರು ನೋಡಬೇಕು" ಅಂತ ದಾಟಿಸಿದರು. ಸಾಫ್ಟ್‌ವೇರ್‌ನವರು "ನೀವು ಕೊಟ್ಟ ನಿಯಮದ ಪ್ರಕಾರವೇ ಲೆಕ್ಕ ಆಗಿದೆ" ಅಂತ ವಾಪಸ್ ಎಸೆದರು. ಹೀಗೆ ಒಂಬತ್ತು ಸಲ.

ಆ ಟಿಕೆಟ್ಟಿನ (ಕಂಪ್ಯೂಟರಿನಲ್ಲಿ ಆ ದೂರು ದಾಖಲಾದ ಪುಟ) ಕೆಳಗಿದ್ದ ಕಾಮೆಂಟುಗಳು ನನಗೆ ಇನ್ನೂ ನೆನಪಿವೆ. ಮೊದಲ ಎರಡು ಸಲ "ದಯವಿಟ್ಟು ಪರಿಶೀಲಿಸಿ" ಅಂತ ಇತ್ತು. ನಾಲ್ಕನೇ ಸಲಕ್ಕೆ "ಈಗಾಗಲೇ ತಿಳಿಸಿರುವಂತೆ" ಬಂತು. ಆಫೀಸಿನ ಭಾಷೆಯಲ್ಲಿ ಅದು ಬೈಗುಳಕ್ಕೆ ತೀರಾ ಹತ್ತಿರ. ಆರನೇ ಸಲಕ್ಕೆ ಎರಡೂ ಕಡೆಯ ಮ್ಯಾನೇಜರುಗಳು ಸಿಸಿಯಲ್ಲಿ ಬಂದು ಕೂತರು. ಕೊನೆಕೊನೆಗೆ "ಮೇಲೆ ನೋಡಿ" ಅಂತ ಎರಡೇ ಪದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗೆ, ದೂರು ಕೊಟ್ಟವರನ್ನೇ ಎಲ್ಲರೂ ಮರೆತಿದ್ದರು.

ಆ ಮೂರೂ ಟೀಮುಗಳಲ್ಲಿ ಸೋಮಾರಿಗಳು ಯಾರೂ ಇರಲಿಲ್ಲ. ಒಬ್ಬೊಬ್ಬರನ್ನೇ ಮಾತಾಡಿಸಿದರೆ ಎಲ್ಲರೂ ಒಳ್ಳೆಯವರೇ. ಹಾಗಿದ್ದರೆ ಜಗಳ ಬಂದಿದ್ದು ಎಲ್ಲಿಂದ? ಹೊಸದಾಗಿ ಟೀಮ್ ಲೀಡ್ ಆದವರಿಗೆ ಮೊದಲ ತಿಂಗಳಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ತಮ್ಮ ಟೀಮಿನ ಕೆಲಸ ಮಾಡಿಸುವುದಕ್ಕಿಂತ ಪಕ್ಕದ ಟೀಮಿನ ಜೊತೆ ಏಗುವುದೇ ಜಾಸ್ತಿ ಆಗಿಬಿಡುತ್ತದೆ. ಬುಡದಿಂದ ನೋಡೋಣ.

## ಪೈಪೋಟಿ ಬೇರೆ, ಜಗಳ ಬೇರೆ

"ಅವರಿಗಿಂತ ನಾವು ಮುಂದಿರಬೇಕು" ಅಂತ ಎರಡು ಟೀಮುಗಳು ಓಡಿದರೆ ಅದು ಪೈಪೋಟಿ. "ನಮ್ಮ ಕೆಲಸಕ್ಕೆ ಅವರು ಅಡ್ಡ ಬರುತ್ತಿದ್ದಾರೆ" ಅನ್ನಿಸಿದಾಗ ಶುರುವಾಗುವುದು ಜಗಳ.

ಓಟದ ಮೈದಾನ ನೆನಪಿಸಿಕೊಳ್ಳಿ. ನೂರು ಮೀಟರ್ ಓಟದಲ್ಲಿ ಪಕ್ಕದವನು ಜೋರಾಗಿ ಓಡಿದರೆ ನನ್ನ ಕಾಲಿಗೂ ಹುರುಪು ಬರುತ್ತದೆ. ಅವನು ನನ್ನ ಸಾಲಿಗೆ ಕಾಲಿಟ್ಟರೆ ಮಾತ್ರ ಜಗಳ. ಈಗ ರಿಲೇ ಓಟ ನೋಡಿ. ಅಲ್ಲಿ ಒಬ್ಬ ಓಡಿ ಬಂದು ಇನ್ನೊಬ್ಬನ ಕೈಗೆ ಕೋಲು ಕೊಡಬೇಕು. ಕೋಲು ಕೊಡಬೇಕಾದವನ ಜೊತೆಗೇ ಪೈಪೋಟಿಗೆ ಬಿದ್ದರೆ ಏನಾಗುತ್ತದೆ? ಆಫೀಸುಗಳ ಅರ್ಧಕ್ಕರ್ಧ ಗೋಳು ಇಲ್ಲೇ ಇದೆ. ಕೆಲಸ ಇರುವುದು ರಿಲೇ ತರಹ, ಬಹುಮಾನ ಕೊಡುವುದು ನೂರು ಮೀಟರ್ ಓಟದ ತರಹ.

ಜಗಳದಲ್ಲೂ ಎರಡು ಬಗೆ ಇದೆ. "ಈ ತಿಂಗಳು ರಿಲೀಸ್ ಮಾಡುವುದು ಬೇಡ, ಟೆಸ್ಟಿಂಗ್ ಮುಗಿದಿಲ್ಲ" ಅನ್ನುವುದು ಕೆಲಸದ ಬಗೆಗಿನ ಜಗಳ. "ಆ ಟೆಸ್ಟಿಂಗ್‌ನವರು ಯಾವಾಗಲೂ ಹೀಗೇ" ಅನ್ನುವುದು ಮನುಷ್ಯರ ಬಗೆಗಿನ ಜಗಳ. ಅಮೆರಿಕದ ಸಂಶೋಧಕಿ ಕ್ಯಾರೆನ್ ಜೆನ್ 1990ರ ದಶಕದಲ್ಲಿ ಈ ಎರಡನ್ನೂ ಬೇರೆಬೇರೆ ಮಾಡಿ ನೋಡಿದರು. ಮೊದಲನೆಯದು ಒಳ್ಳೆಯದು, ಎರಡನೆಯದು ಕೆಟ್ಟದ್ದು ಅಂತ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಆದರೆ ವಿಷಯ ಅಷ್ಟು ಸಲೀಸಾಗಿಲ್ಲ. ಇಂಥ ಹಲವು ಅಧ್ಯಯನಗಳನ್ನು 2003ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಸಾಮಾನ್ಯವಾಗಿ ಕೆಲಸದ ಬಗೆಗಿನ ಜಗಳವೂ ಕೆಲಸವನ್ನು ಕೆಡಿಸುತ್ತದೆ ಅಂತ ಕಂಡಿತು. 2012ರ ಇನ್ನೊಂದು ಒಟ್ಟು ಲೆಕ್ಕ ಇದನ್ನು ಸ್ವಲ್ಪ ತಿದ್ದಿತು. ಕೆಲಸದ ಜಗಳ ಮನುಷ್ಯರ ಜಗಳಕ್ಕೆ ಅಂಟಿಕೊಳ್ಳದೆ ಉಳಿದ ಕಡೆ ಫಲಿತಾಂಶ ಅಷ್ಟು ಕೆಟ್ಟದಾಗಿರಲಿಲ್ಲ. ಅಂದರೆ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೊದಲನೆಯದು ಎರಡನೆಯದಾಗಿ ಬದಲಾಗುವುದು ಯಾವಾಗ?

## "ನಾವು", "ಅವರು" ಹುಟ್ಟೋಕೆ ಎಷ್ಟು ಹೊತ್ತು ಬೇಕು?

ತುಂಬಾ ಕಮ್ಮಿ ಹೊತ್ತು ಸಾಕು. ಇದನ್ನು ತೋರಿಸಿದವರು ಹೆನ್ರಿ ತಾಜ್‌ಫೆಲ್ ಎಂಬ ಮನಃಶಾಸ್ತ್ರಜ್ಞ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರ ಮೇಲೆ ಮಾಡಿದ ಅವರ ಪ್ರಯೋಗಗಳು 1970ರಲ್ಲಿ ಪ್ರಕಟವಾದವು. ಪರದೆಯ ಮೇಲೆ ಕಂಡ ಚುಕ್ಕಿಗಳು ಎಷ್ಟು ಅಂತ ಹುಡುಗರು ಅಂದಾಜು ಹೇಳಬೇಕಿತ್ತು. ಆಮೇಲೆ ಅವರನ್ನು ಎರಡು ಗುಂಪು ಮಾಡಿದರು. "ನೀವು ಜಾಸ್ತಿ ಅಂದಾಜು ಮಾಡುವವರು, ನೀವು ಕಮ್ಮಿ ಅಂದಾಜು ಮಾಡುವವರು" ಅಂತ ಹೇಳಿದರು. ನಿಜಕ್ಕೂ ವಿಂಗಡಣೆ ಸುಮ್ನೆ ಮಾಡಿದ್ದು. ಗುಂಪಿನಲ್ಲಿ ಯಾರಿದ್ದಾರೆ ಅಂತ ಹುಡುಗರಿಗೆ ಗೊತ್ತಿರಲಿಲ್ಲ. ಒಬ್ಬರನ್ನೊಬ್ಬರು ಮಾತಾಡಿಸುವ ಹಾಗೂ ಇರಲಿಲ್ಲ.

ನಂತರ ಎರಡೂ ಗುಂಪಿನವರಿಗೆ ಅಂಕ ಹಂಚಲು ಹೇಳಿದರು. ಅಂಕಕ್ಕೆ ತಕ್ಕ ಹಾಗೆ ದುಡ್ಡು ಸಿಗುತ್ತಿತ್ತು. ಒಂದು ಸಾಲಿನ ಆಯ್ಕೆಗಳು ಹೀಗಿದ್ದವು ಅಂದುಕೊಳ್ಳಿ: ನಮ್ಮವನಿಗೆ 7, ಅವರಿಗೆ 1. ಇಬ್ಬರಿಗೂ 13. ನಮ್ಮವನಿಗೆ 19, ಅವರಿಗೆ 25. ನಮ್ಮವರಿಗೆ ಲಾಭ ಬೇಕು ಅಂದರೆ 19 ಆರಿಸಬೇಕು, ಅಲ್ವಾ? ಹುಡುಗರು ಮೊದಲನೇ ಕಡೆಗೆ ವಾಲಿದರು. ತಮ್ಮವರಿಗೆ ಕಮ್ಮಿ ಸಿಕ್ಕರೂ ಪರವಾಗಿಲ್ಲ, ಎದುರಿನವರಿಗಿಂತ ಜಾಸ್ತಿ ಇರಬೇಕು ಅನ್ನುವ ಸೆಳೆತ ಬಲವಾಗಿತ್ತು.

ಚುಕ್ಕಿ ಎಣಿಸಿದ್ದಕ್ಕೇ ಇಷ್ಟಾದರೆ, ಬೇರೆ ಮಹಡಿ, ಬೇರೆ ಮ್ಯಾನೇಜರ್, ಬೇರೆ ಟಾರ್ಗೆಟ್, ಬೇರೆ ವಾಟ್ಸಾಪ್ ಗ್ರೂಪ್ ಇರುವ ಎರಡು ಟೀಮುಗಳ ಗತಿ ಏನು?

ಇದಕ್ಕೆ ಇನ್ನೊಂದು ಗುಣ ಸೇರಿಕೊಳ್ಳುತ್ತದೆ. ನಾನು ಮೀಟಿಂಗಿಗೆ ತಡವಾಗಿ ಬಂದರೆ ಅದಕ್ಕೆ ಕಾರಣ ಟ್ರಾಫಿಕ್. ಪಕ್ಕದ ಟೀಮಿನವನು ತಡವಾಗಿ ಬಂದರೆ ಅವನಿಗೆ ಶಿಸ್ತಿಲ್ಲ. ನಮ್ಮ ತಪ್ಪಿಗೆ ಪರಿಸ್ಥಿತಿ ಕಾರಣ, ಬೇರೆಯವರ ತಪ್ಪಿಗೆ ಅವರ ಸ್ವಭಾವ ಕಾರಣ ಅಂತ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಬೇರೆಯವರನ್ನು ಅಳೆಯುವಾಗ ಪರಿಸ್ಥಿತಿಯನ್ನು ಮರೆತು ಸ್ವಭಾವವನ್ನೇ ಹಿಡಿಯುವ ಈ ತಪ್ಪಿಗೆ 1977ರಲ್ಲಿ ಲೀ ರಾಸ್ ಎಂಬ ಮನಃಶಾಸ್ತ್ರಜ್ಞ ಒಂದು ಹೆಸರನ್ನೇ ಕೊಟ್ಟರು. ಕನ್ನಡದಲ್ಲಿ ಹೇಳಬೇಕೆಂದರೆ "ಕಾರಣ ಹುಡುಕುವಾಗಿನ ಮೂಲ ತಪ್ಪು". ಕೆಲಸದ ಜಗಳ ಮನುಷ್ಯರ ಜಗಳವಾಗುವ ಬಾಗಿಲು ಇದೇ. ಪಕ್ಕದ ಟೀಮಿನವರ ಕಷ್ಟ ನಮಗೆ ಕಾಣುವುದಿಲ್ಲ. ಕಾಣುವುದು ಅವರ ತಡ ಮಾತ್ರ.

## ಅಳತೆಗೋಲೇ ಜಗಳ ಹಚ್ಚುವುದು ಹೀಗೆ

ಇಷ್ಟೂ ಮನಸ್ಸಿನ ಮಾತಾಯಿತು. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಕಾರಣ ಕಾಗದದ ಮೇಲಿರುತ್ತದೆ. ಯಾವ ಟೀಮನ್ನು ಯಾವುದರಿಂದ ಅಳೆಯುತ್ತಾರೆ ಅನ್ನೋದು.

ಆ ಟಿಕೆಟ್ಟಿಗೇ ಬರೋಣ. ಸಪೋರ್ಟ್ ಟೀಮಿನ ಟಾರ್ಗೆಟ್: ದೂರು ಬಂದ 4 ಗಂಟೆಯೊಳಗೆ ಸರಿಯಾದ ಟೀಮಿಗೆ ದಾಟಿಸಬೇಕು. ಬಿಲ್ಲಿಂಗ್ ಟೀಮಿನ ಟಾರ್ಗೆಟ್: ತಮ್ಮ ಹತ್ತಿರ ಇರುವ ಟಿಕೆಟ್ ಎರಡು ದಿನದಲ್ಲಿ ಕೈಬಿಡಬೇಕು. ಸಾಫ್ಟ್‌ವೇರ್ ಟೀಮಿನ ಟಾರ್ಗೆಟ್: ತಿಂಗಳಿಗೆ ಒಪ್ಪಿಕೊಂಡ ಬಗ್‌ಗಳ (ಪ್ರೋಗ್ರಾಂ ತಪ್ಪುಗಳ) ಸಂಖ್ಯೆ ಕಮ್ಮಿ ಇರಬೇಕು. ಈಗ ಆ 19 ದಿನ ಇನ್ನೊಮ್ಮೆ ನೋಡಿ. ದಾಟಿಸಿದಾಗಲೆಲ್ಲ ಸಪೋರ್ಟ್‌ಗೆ ಅಂಕ. ಕೈಬಿಟ್ಟಾಗಲೆಲ್ಲ ಬಿಲ್ಲಿಂಗ್‌ಗೆ ಅಂಕ. "ನಮ್ಮ ಬಗ್ ಅಲ್ಲ" ಅಂದಾಗಲೆಲ್ಲ ಸಾಫ್ಟ್‌ವೇರ್‌ಗೆ ಅಂಕ. ತಿಂಗಳ ಕೊನೆಗೆ ಮೂರೂ ಟೀಮುಗಳ ವರದಿ ಹಸಿರು. ಗ್ರಾಹಕರ ಬಿಲ್ಲು ಮಾತ್ರ ಹಾಗೇ ಇತ್ತು.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಒಂದು ಮಾತು ಹೇಳಿದ್ದರು. ಅದು ಈಗ ಎಲ್ಲ ಕಡೆ ಚಾಲ್ತಿಯಲ್ಲಿದೆ. ಅದರ ಸಾರ ಇಷ್ಟು: ಯಾವುದೋ ಒಂದು ಸಂಖ್ಯೆಯನ್ನು ಗುರಿ ಮಾಡಿಕೊಂಡರೆ, ಆ ಸಂಖ್ಯೆ ನಿಜವನ್ನು ತೋರಿಸುವುದನ್ನು ನಿಲ್ಲಿಸುತ್ತದೆ.

ಸಾಫ್ಟ್‌ವೇರ್ ಲೋಕದಲ್ಲಿ ಇದರ ದೊಡ್ಡ ಉದಾಹರಣೆಯೊಂದು ಇದೆ. ಬಹಳ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವವರದು ಒಂದು ಟೀಮ್, ಅದನ್ನು ಸರ್ವರ್ ಮೇಲೆ ಓಡಿಸುವವರದು ಇನ್ನೊಂದು ಟೀಮ್. ಮೊದಲನೆಯವರಿಗೆ ಶಹಬ್ಬಾಸ್ ಸಿಗುವುದು ಹೊಸದನ್ನು ಕೊಟ್ಟರೆ. ಎರಡನೆಯವರಿಗೆ ಶಹಬ್ಬಾಸ್ ಸಿಗುವುದು ಏನೂ ನಿಲ್ಲದಿದ್ದರೆ. ಪ್ರತಿ ಹೊಸ ಬದಲಾವಣೆಯೂ ಏನನ್ನಾದರೂ ನಿಲ್ಲಿಸಬಹುದು. ಹಾಗಾಗಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಶುಕ್ರವಾರ ಸಂಜೆ ಹೊಸ ಕೋಡ್ ಹಾಕಿ ಮನೆಗೆ ಹೋಗುವವರು ಒಬ್ಬರು, ಶನಿವಾರ ಬೆಳಗಿನ ಜಾವ 3 ಗಂಟೆಗೆ ಫೋನ್ ಎತ್ತುವವರು ಇನ್ನೊಬ್ಬರು. ಇವರ ನಡುವೆ ಪ್ರೀತಿ ಹುಟ್ಟಬೇಕು ಅಂದರೆ ಹೇಗೆ?

2009ರ ಜೂನ್‌ನಲ್ಲಿ ಫೋಟೊ ಹಂಚುವ ತಾಣ ಫ್ಲಿಕರ್‌ನ ಇಬ್ಬರು ಒಂದೇ ವೇದಿಕೆಗೆ ಬಂದರು. ಜಾನ್ ಆಲ್ಸ್‌ಪಾ ಸರ್ವರ್ ನೋಡಿಕೊಳ್ಳುವ ಕಡೆಯವರು, ಪಾಲ್ ಹ್ಯಾಮಂಡ್ ಪ್ರೋಗ್ರಾಂ ಬರೆಯುವ ಕಡೆಯವರು. ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಕೋಡ್ ಹಾಕುತ್ತೇವೆ, ಎರಡೂ ಟೀಮು ಸೇರಿಯೇ ಮಾಡುತ್ತೇವೆ ಅಂತ ತೋರಿಸಿದರು. ಅದೇ ವರ್ಷ ಬೆಲ್ಜಿಯಮ್ಮಿನ ಗೆಂಟ್ ನಗರದಲ್ಲಿ ಪ್ಯಾಟ್ರಿಕ್ ದೆಬ್ವಾ ಇದೇ ವಿಷಯಕ್ಕೆ ಒಂದು ಸಭೆ ಕರೆದರು. ಎರಡು ಟೀಮುಗಳ ಹೆಸರನ್ನು (ಡೆವಲಪ್‌ಮೆಂಟ್, ಆಪರೇಶನ್ಸ್) ಜೋಡಿಸಿ ಮಾಡಿದ "ಡೆವ್‌ಆಪ್ಸ್" ಅನ್ನೋ ಪದ ಅಲ್ಲಿಂದ ಹರಡಿತು. ಅಮೆಜಾನ್‌ನ ತಾಂತ್ರಿಕ ಮುಖ್ಯಸ್ಥ ವರ್ನರ್ ವೋಗೆಲ್ಸ್ ಅದಕ್ಕೂ ಮೊದಲೇ, 2006ರಲ್ಲಿ, ಕಟ್ಟಿದವರೇ ಓಡಿಸಬೇಕು ಅನ್ನುವ ತಮ್ಮ ಕಂಪನಿಯ ಪದ್ಧತಿಯ ಬಗ್ಗೆ ಹೇಳಿದ್ದರು. ಕೋಡ್ ಬರೆದವರ ಫೋನೇ ರಾತ್ರಿ 3ಕ್ಕೆ ಹೊಡೆದುಕೊಂಡರೆ, ಶುಕ್ರವಾರ ಸಂಜೆಯ ಆತುರ ತಾನಾಗಿ ಕಮ್ಮಿ ಆಗುತ್ತದೆ. ಇಲ್ಲಿ ಯಾರ ಸ್ವಭಾವವನ್ನೂ ತಿದ್ದಲಿಲ್ಲ. ನೋವು ಎಲ್ಲಿ ಬೀಳುತ್ತದೆ ಅನ್ನೋದನ್ನು ಬದಲಾಯಿಸಿದರು, ಅಷ್ಟೇ.

ಅಪ್ರೈಸಲ್ ಕೂಡ ಇದೇ ಕೆಲಸ ಮಾಡಬಲ್ಲದು. ಮೈಕ್ರೋಸಾಫ್ಟ್‌ನಲ್ಲಿ ಬಹಳ ವರ್ಷ ಒಂದು ಪದ್ಧತಿ ಇತ್ತು. ಪ್ರತಿ ಟೀಮಿನಲ್ಲೂ ಇಂತಿಷ್ಟು ಜನ ಉತ್ತಮರು, ಇಂತಿಷ್ಟು ಜನ ಸಾಧಾರಣ, ಇಂತಿಷ್ಟು ಜನ ಕಳಪೆ ಅಂತ ಗುರುತಿಸಲೇಬೇಕು. ಹತ್ತೂ ಜನ ಚೆನ್ನಾಗಿ ಮಾಡಿದರೂ ಯಾರೋ ಒಬ್ಬರು ಕೊನೆಗೆ ಹೋಗಲೇಬೇಕು. ಹೀಗಿರುವಾಗ ಪಕ್ಕದವರಿಗೆ ಸಹಾಯ ಮಾಡುವುದು ಅಂದರೆ ನಮ್ಮ ಕಾಲಿಗೆ ನಾವೇ ಕಲ್ಲು ಹಾಕಿಕೊಂಡ ಹಾಗೆ. 2013ರ ನವೆಂಬರ್‌ನಲ್ಲಿ ಕಂಪನಿ ಈ ಪದ್ಧತಿ ಕೈಬಿಟ್ಟಿತು.

## ಹಾಗಾದರೆ ಪೈಪೋಟಿಯೇ ಬೇಡವಾ?

ಬೇಕು. ಎಲ್ಲಿ ಬೇಕು ಅನ್ನೋದು ಮುಖ್ಯ.

1931ರಲ್ಲಿ ಸಾಬೂನು ತಯಾರಿಸುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮ್ಯಾಕೆಲ್ರಾಯ್ ಎಂಬ ಯುವಕ ಕ್ಯಾಮೆ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದರು. ಅದೇ ಕಂಪನಿಯ ಐವರಿ ಸಾಬೂನು ಆಗಲೇ ದೊಡ್ಡ ಹೆಸರು. ಕ್ಯಾಮೆ ಅದರ ನೆರಳಿನಲ್ಲಿ ಬಾಡುತ್ತಿತ್ತು. ಮ್ಯಾಕೆಲ್ರಾಯ್ ಮೂರು ಪುಟದ ಒಂದು ಟಿಪ್ಪಣಿ ಬರೆದು ಮೇಲಿನವರಿಗೆ ಕೊಟ್ಟರು. ಪ್ರತಿ ಬ್ರ್ಯಾಂಡಿಗೂ ಬೇರೆ ಟೀಮ್ ಇರಲಿ, ಆ ಬ್ರ್ಯಾಂಡಿನ ಪೂರ್ತಿ ಹೊಣೆ ಅವರದೇ ಆಗಿರಲಿ ಅನ್ನುವುದು ಅದರ ತಿರುಳು. ಕಂಪನಿ ಒಪ್ಪಿತು. ಒಂದೇ ಕಂಪನಿಯ ಸಾಬೂನುಗಳು ಒಂದಕ್ಕೊಂದು ಪೈಪೋಟಿ ಕೊಟ್ಟು ಬೆಳೆದವು. ಇವತ್ತು ನಾವು ಬ್ರ್ಯಾಂಡ್ ಮ್ಯಾನೇಜರ್ ಅನ್ನುವ ಹುದ್ದೆಗೆ ಬೇರು ಅಲ್ಲಿದೆ.

ಇದಕ್ಕೆ ಎದುರಾಗಿ ಸೋನಿಯನ್ನು ಇಡಿ. 1999ರಲ್ಲಿ ಸೋನಿ ಕಂಪನಿ ಡಿಜಿಟಲ್ ಸಂಗೀತ ಕೇಳಲು ಮೆಮೊರಿ ಸ್ಟಿಕ್ ವಾಕ್‌ಮನ್ ತೋರಿಸಿತು. ಜೊತೆಗೇ ವಯೋ ಮ್ಯೂಸಿಕ್ ಕ್ಲಿಪ್ ಅನ್ನೂ ತೋರಿಸಿತು. ಎರಡೂ ಒಂದೇ ಕೆಲಸ ಮಾಡುವ ಸಾಧನ, ಮಾಡಿದ್ದು ಬೇರೆಬೇರೆ ವಿಭಾಗ. ಸಾಧನ ಮಾಡುವವರು, ಕಂಪ್ಯೂಟರ್ ಮಾಡುವವರು, ಹಾಡುಗಳ ಹಕ್ಕು ಇಟ್ಟುಕೊಂಡವರು ಎಲ್ಲರೂ ಸೋನಿಯೊಳಗೇ ಇದ್ದರು. ಅವರನ್ನು ಒಂದು ಮೇಜಿಗೆ ತರಲು ಆಗಲಿಲ್ಲ. 2001ರಲ್ಲಿ ಆ್ಯಪಲ್ ಐಪಾಡ್ ತಂದಿತು. ಮುಂದಿನದು ಗೊತ್ತೇ ಇದೆ.

ಎರಡರ ನಡುವೆ ವ್ಯತ್ಯಾಸ ಏನು? ಕ್ಯಾಮೆ ಟೀಮಿಗೆ ಸಾಬೂನು ಮಾರಲು ಐವರಿ ಟೀಮಿನ ಸಹಾಯ ಬೇಕಿರಲಿಲ್ಲ. ಅದು ನೂರು ಮೀಟರ್ ಓಟ. ಸಂಗೀತದ ಸಾಧನಕ್ಕೆ ಯಂತ್ರ, ಸಾಫ್ಟ್‌ವೇರ್, ಹಾಡು ಮೂರೂ ಕೂಡಬೇಕಿತ್ತು. ಅದು ರಿಲೇ. ಹಾಗಾಗಿ ಟೀಮುಗಳ ನಡುವೆ ಸ್ಪರ್ಧೆ ಇಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಟೀಮು ಗೆಲ್ಲಲು ಆ ಟೀಮಿನ ಕೈ ಬೇಕಾ? ಬೇಕು ಅಂದರೆ ಕಪ್, ಬಹುಮಾನ, ತಿಂಗಳ ಶ್ರೇಷ್ಠ ಟೀಮು ಎಲ್ಲ ಬದಿಗಿಡಿ. ಎರಡು ಊರಿನ ಎರಡು ಸೇಲ್ಸ್ ಟೀಮುಗಳ ನಡುವೆ ಯಾರು ಮುಂದೆ ಅನ್ನುವ ಪಟ್ಟಿ ಹಾಕಿದರೆ ಮಜಾ ಇರುತ್ತದೆ. ಸೇಲ್ಸ್ ಮತ್ತು ಡೆಲಿವರಿ ನಡುವೆ ಹಾಕಿದರೆ ಮಜಾ ಇರುವುದಿಲ್ಲ.

## ಕೋಲು ಕೈ ಬದಲಾಗುವ ಜಾಗ

ಜಗಳವೇ ಇಲ್ಲದ ಟೀಮುಗಳ ನಡುವೆಯೂ ಕೆಲಸ ಕೆಡುವ ಒಂದು ಜಾಗ ಇದೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1998ರ ಡಿಸೆಂಬರ್‌ನಲ್ಲಿ ಹೊರಟು, 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಹತ್ತಿರ ಕಣ್ಮರೆಯಾಯಿತು. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಡೆಯ ಸಾಫ್ಟ್‌ವೇರ್ ತಳ್ಳುಬಲದ ಲೆಕ್ಕವನ್ನು ಪೌಂಡಿನ ಅಳತೆಯಲ್ಲಿ ಕೊಡುತ್ತಿತ್ತು. ದಾರಿ ಲೆಕ್ಕ ಹಾಕುವ ಟೀಮು ಅದನ್ನು ನ್ಯೂಟನ್ (ಮೆಟ್ರಿಕ್ ಅಳತೆ) ಅಂತ ಓದಿಕೊಂಡಿತು. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೂವರೆ ಪಟ್ಟು ಹತ್ತಿರ ವ್ಯತ್ಯಾಸ. ದಾರಿ ಲೆಕ್ಕದವರಿಗೆ ಏನೋ ಸರಿ ಇಲ್ಲ ಅನ್ನುವ ಅನುಮಾನ ಬಂದಿತ್ತು. ಆ ಅನುಮಾನವನ್ನು ದಾಖಲೆ ಮಾಡಿ ಮೇಲೆ ಒಯ್ಯುವ ಕ್ರಮ ಇತ್ತು. ಅದರ ಮೂಲಕ ಅದು ಹೋಗಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು.

ಇಲ್ಲಿ ಯಾರೂ ಕಿತ್ತಾಡಿರಲಿಲ್ಲ. ಇಂಥದ್ದೇ ಬಿರುಕು ಕಿತ್ತಾಡುವ ಟೀಮುಗಳ ನಡುವೆ ಇದ್ದರೆ ಅದು ಇನ್ನೂ ಅಗಲವಾಗುತ್ತದೆ. "ಕೇಳಿದರೆ ಸಿಡುಕುತ್ತಾರೆ" ಅಂತ ಗೊತ್ತಿರುವ ಕಡೆ ಯಾರೂ ಸಣ್ಣ ಅನುಮಾನ ಕೇಳಲು ಹೋಗುವುದಿಲ್ಲ.

## ಒಟ್ಟಿಗೆ ಊಟಕ್ಕೆ ಕರೆದುಕೊಂಡು ಹೋದರೆ ಸಾಕಾ?

ಟೀಮುಗಳ ಜಗಳಕ್ಕೆ ಆಫೀಸುಗಳು ಮೊದಲು ಹುಡುಕುವ ಮದ್ದು ಇದು. ಒಂದು ದಿನದ ಪ್ರವಾಸ, ಆಟ, ಊಟ, ಗ್ರೂಪ್ ಫೋಟೊ. ಸೋಮವಾರ ಬೆಳಿಗ್ಗೆ ಮತ್ತೆ "ಈಗಾಗಲೇ ತಿಳಿಸಿರುವಂತೆ".

ಯಾಕೆ ಹೀಗೆ ಅನ್ನುವುದಕ್ಕೆ 1954ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಮುಜಫರ್ ಷೆರೀಫ್ ಎಂಬ ಮನಃಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಅಮೆರಿಕದ ಓಕ್ಲಹೋಮದಲ್ಲಿ ರಾಬರ್ಸ್ ಕೇವ್ ಎಂಬಲ್ಲಿ ಬೇಸಿಗೆ ಶಿಬಿರ ನಡೆಸಿದರು. ಸುಮಾರು 11 ವರ್ಷದ 22 ಹುಡುಗರು. ಅವರನ್ನು ಎರಡು ಗುಂಪು ಮಾಡಿ ಬೇರೆಬೇರೆ ಇಟ್ಟರು. ಒಂದು ಗುಂಪು "ಈಗಲ್ಸ್" ಅಂತ ಹೆಸರಿಟ್ಟುಕೊಂಡಿತು, ಇನ್ನೊಂದು "ರ್ಯಾಟ್ಲರ್ಸ್". ಆಮೇಲೆ ಬೇಸ್‌ಬಾಲ್, ಹಗ್ಗಜಗ್ಗಾಟದಂಥ ಪಂದ್ಯಗಳನ್ನು ಇಟ್ಟರು. ಗೆದ್ದವರಿಗೆ ಮಾತ್ರ ಬಹುಮಾನ. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ರಾತ್ರಿ ಎದುರಿನವರ ಕೋಣೆಗೆ ನುಗ್ಗಿದರು.

ಈಗ ಷೆರೀಫ್ ಸಂಧಾನ ಶುರು ಮಾಡಿದರು. ಮೊದಲು ಸುಮ್ನೆ ಒಟ್ಟಿಗೆ ಸೇರಿಸಿದರು. ಒಟ್ಟಿಗೆ ಸಿನಿಮಾ, ಒಟ್ಟಿಗೆ ಊಟ. ಊಟದ ಹೊತ್ತಿಗೆ ಹುಡುಗರು ತಟ್ಟೆಯಲ್ಲಿದ್ದುದನ್ನೇ ಒಬ್ಬರ ಮೇಲೊಬ್ಬರು ಎಸೆದರು. ಒಟ್ಟಿಗೆ ಕೂತರೆ ಜಗಳಕ್ಕೆ ಇನ್ನೊಂದು ಜಾಗ ಸಿಕ್ಕಿತು, ಅಷ್ಟೇ.

ಮುಂದಿನ ಹೆಜ್ಜೆ ಬೇರೆ ತರಹದ್ದು. ಶಿಬಿರದ ನೀರು ನಿಂತುಹೋಯಿತು. ಎಲ್ಲರೂ ಸೇರಿ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಬೇಕಾಯಿತು. ಸಿನಿಮಾ ತರಿಸಲು ಎರಡೂ ಗುಂಪು ದುಡ್ಡು ಹಾಕಬೇಕಾಯಿತು. ಒಂದು ದಿನ ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗಲಿಲ್ಲ. ಹುಡುಗರು ಹಗ್ಗ ಕಟ್ಟಿ ಎಳೆದರು. ಅದು ಅವರು ಹಗ್ಗಜಗ್ಗಾಟಕ್ಕೆ ಬಳಸಿದ್ದ ಹಗ್ಗವೇ. ಇಂಥ ಒಂದೆರಡು ಕೆಲಸ ಆದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಒಂದಾದ ಮೇಲೊಂದು ಹೀಗೆ ನಡೆದಂತೆ ಸಿಟ್ಟು ಇಳಿಯಿತು. ಕೊನೆಗೆ ವಾಪಸ್ ಹೋಗುವಾಗ ಒಂದೇ ಬಸ್ಸಿನಲ್ಲಿ ಹೋಗೋಣ ಅಂತ ಹುಡುಗರೇ ಕೇಳಿದರು.

ಈ ಪ್ರಯೋಗವನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. 22 ಹುಡುಗರು ಅಂದರೆ ಸಣ್ಣ ಸಂಖ್ಯೆ. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಮಜಾ ಸಂಗತಿ, 1953ರಲ್ಲಿ ಇದೇ ತಂಡ ಮಾಡಿದ ಇನ್ನೊಂದು ಶಿಬಿರದಲ್ಲಿ ಹುಡುಗರು ಜಗಳಕ್ಕೆ ಬೀಳಲೇ ಇಲ್ಲ. ದೊಡ್ಡವರೇ ಏನೋ ಕಿತಾಪತಿ ಮಾಡುತ್ತಿದ್ದಾರೆ ಅಂತ ಅವರಿಗೆ ಗುಮಾನಿ ಬಂತು. ಆಫೀಸಿನಲ್ಲೂ ಹೀಗಾಗುವುದನ್ನು ನೋಡಿದ್ದೇನೆ. ಎರಡು ಟೀಮಿನ ಹುಡುಗರಿಗೆ "ಜಗಳ ನಮ್ಮದಲ್ಲ, ಟಾರ್ಗೆಟ್ಟಿನದು" ಅಂತ ಹೊಳೆದ ದಿನ ಅರ್ಧ ಸಿಟ್ಟು ಇಳಿದಿರುತ್ತದೆ.

ಆಫೀಸಿನಲ್ಲಿ ಲಾರಿ ಕೆಡಿಸಲು ಹೋಗಬೇಡಿ. ಸಾಮಾನ್ಯವಾಗಿ ಅದು ಆಗಲೇ ಕೆಟ್ಟು ನಿಂತಿರುತ್ತದೆ. ಹಳೇ ಗ್ರಾಹಕರು ಯಾಕೆ ಬಿಟ್ಟುಹೋಗುತ್ತಿದ್ದಾರೆ, ಪ್ರತಿ ತಿಂಗಳ ಕೊನೆಗೆ ಯಾಕೆ ಎಲ್ಲರೂ ರಾತ್ರಿ ಕೂರಬೇಕಾಗುತ್ತದೆ, ಇಂಥದ್ದು. ಒಂದೇ ಟೀಮಿನಿಂದ ಬಗೆಹರಿಯದ್ದು, ಬಗೆಹರಿದರೆ ಎರಡಕ್ಕೂ ನಿರಾಳ ಆಗುವಂಥದ್ದು ಬೇಕು.

## ಬೇಕಾಗಿರುವುದು ಏನು ಅಂತ ಕೇಳಿದರೆ

ಜಗಳ ಶುರುವಾದಾಗ ಜನ ಏನು ಮಾಡುತ್ತಾರೆ ಅನ್ನುವುದನ್ನು ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್‌ಮನ್ 1974ರಲ್ಲಿ ಐದು ಬಗೆ ಮಾಡಿದರು: ಹಟ ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧರ್ಧ ಹಂಚಿಕೊಳ್ಳುವುದು, ಕೂತು ಬಗೆಹರಿಸಿಕೊಳ್ಳುವುದು. ಸಣ್ಣ ವಿಷಯಕ್ಕೆ ತಪ್ಪಿಸಿಕೊಂಡರೂ ನಷ್ಟವಿಲ್ಲ. ಟೀಮುಗಳ ಮಟ್ಟಿಗೆ ಬೇಕಾಗುವುದು ಹೆಚ್ಚಾಗಿ ಕೊನೆಯದೇ. ಅದು ಹೇಗಿರುತ್ತದೆ ಅನ್ನುವುದಕ್ಕೆ ಇನ್ನೂ ಹಳೆಯ ಒಂದು ಉದಾಹರಣೆ ಇದೆ.

ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರ ಒಂದು ಉಪನ್ಯಾಸದಲ್ಲಿ ಇದನ್ನು ಹೇಳಿದ್ದರು. ಹಾರ್ವರ್ಡ್‌ನ ಲೈಬ್ರರಿಯ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು. ಫಾಲೆಟ್‌ಗೆ ಮುಚ್ಚಿರಬೇಕಿತ್ತು. ಇಬ್ಬರೂ ಸೇರಿ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಯಾಕೆಂದರೆ ಫಾಲೆಟ್‌ಗೆ ಬೇಕಿದ್ದದ್ದು ಮುಚ್ಚಿದ ಕೋಣೆಯಲ್ಲ, ಬಡಗಣ ಗಾಳಿ ನೇರ ಮೈಮೇಲೆ ಬರಬಾರದು ಅಷ್ಟೇ. ಇನ್ನೊಬ್ಬರಿಗೂ ಆ ಕಿಟಕಿಯೇ ಬೇಕು ಅಂತಿರಲಿಲ್ಲ, ಗಾಳಿ ಬಂದರೆ ಸಾಕಿತ್ತು. ಕಿಟಕಿ ಅರ್ಧ ತೆರೆದಿದ್ದರೆ ಇಬ್ಬರಿಗೂ ಅರೆಮನಸ್ಸು.

ಆಫೀಸಿಗೆ ಇದನ್ನು ತರುವುದು ಹೀಗೆ. "15ನೇ ತಾರೀಕಿಗೆ ಕೊಡಲೇಬೇಕು" ಅಂತ ಸೇಲ್ಸ್‌ನವರು. "30ಕ್ಕಿಂತ ಮುಂಚೆ ಆಗಲ್ಲ" ಅಂತ ಡೆಲಿವರಿಯವರು. 22ಕ್ಕೆ ಒಪ್ಪಿದರೆ ಅರ್ಧ ತೆರೆದ ಕಿಟಕಿ. 15ಕ್ಕೆ ಏನು ಆಗಬೇಕು ಅಂತ ಕೇಳಿ. ಆ ದಿನ ಗ್ರಾಹಕರು ತಮ್ಮ ಬಾಸ್‌ಗೆ ತೋರಿಸಲು ಸಾಫ್ಟ್‌ವೇರ್‌ನ ಎರಡು ಪರದೆ ಇದ್ದರೆ ಸಾಕು ಅಂತ ಗೊತ್ತಾಗಬಹುದು. ಡೆಲಿವರಿಯವರಿಗೆ 30 ಬೇಕಾಗಿದ್ದು ಉಳಿದ ಹದಿನೆಂಟು ಪರದೆಗೆ ಅಂತಲೂ ಗೊತ್ತಾಗಬಹುದು.

ಈ ಮಾತುಕತೆ ಮೇಲ್‌ನಲ್ಲಿ ಆಗುವುದಿಲ್ಲ. ಮುಖ ನೋಡಿ ಆಗಬೇಕು. ಕೂರುವ ಮುಂಚೆ ಎರಡೂ ಟೀಮುಗಳ ಟಾರ್ಗೆಟ್‌ಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಮೇಜಿನ ಮೇಲಿಡಿ. ಅರ್ಧ ಜಗಳಕ್ಕೆ ಕಾರಣ ಅಲ್ಲೇ ಕಾಣುತ್ತದೆ. ಒಪ್ಪಿಗೆ ಆಗದೆ ಬಾಸ್ ಹತ್ತಿರ ಹೋಗಬೇಕಾದರೆ ಇಬ್ಬರು ಲೀಡ್‌ಗಳೂ ಒಟ್ಟಿಗೆ ಹೋಗಿ, ಒಂದೇ ಪುಟದಲ್ಲಿ ಎರಡೂ ವಾದ ಬರೆದುಕೊಂಡು. ಒಬ್ಬೊಬ್ಬರೇ ಹೋದರೆ ಅದು ಚಾಡಿ ಆಗುತ್ತದೆ. ಏನಾದರೂ ಕೆಟ್ಟಾಗ ಕರೆಯುವ ಮೀಟಿಂಗಿನಲ್ಲಿ "ಯಾರು ಮಾಡಿದ್ದು" ಅನ್ನುವ ಮುಂಚೆ "ಏನೇನು ನಡೆಯಿತು" ಅಂತ ಗಂಟೆಗಂಟೆಯ ಲೆಕ್ಕದಲ್ಲಿ ಬರೆಯಿರಿ. ಇನ್ನೊಂದು, ಇದನ್ನು ಯಾವ ತರಬೇತಿಯಲ್ಲೂ ಹೇಳಿದ್ದು ನಾನು ಕೇಳಿಲ್ಲ. ನಿಮ್ಮ ಟೀಮಿನ ಒಳಗೆ ಯಾರಾದರೂ "ಅವರಿಗೆ ತಲೆ ಇಲ್ಲ" ಅಂದಾಗ ಲೀಡ್ ಆಗಿ ನೀವು ನಗುತ್ತೀರಾ? ಆ ನಗು ಹತ್ತು ಮೀಟಿಂಗಿನ ಕೆಲಸ ಹಾಳು ಮಾಡುತ್ತದೆ.

## ಎಲ್ಲ ಜಗಳವೂ ಹೋಗಬಾರದು

ಕೆಲವು ಟೀಮುಗಳು ಇರುವುದೇ "ಬೇಡ" ಅನ್ನೋಕೆ. ಟೆಸ್ಟಿಂಗ್, ಆಡಿಟ್, ಸುರಕ್ಷತೆ. ಇವರಿಗೂ ಉಳಿದವರಿಗೂ ಯಾವತ್ತೂ ತಕರಾರೇ ಇಲ್ಲ ಅಂದರೆ ಇವರು ಕೆಲಸ ಮಾಡುತ್ತಿಲ್ಲ ಅಂತ ಅನುಮಾನ ಪಡಬೇಕು.

ಹಾರ್ವರ್ಡ್‌ನ ಪಾಲ್ ಲಾರೆನ್ಸ್ ಮತ್ತು ಜೇ ಲಾರ್ಷ್ 1967ರಲ್ಲಿ ಪ್ಲಾಸ್ಟಿಕ್, ಆಹಾರ, ಡಬ್ಬಿ ತಯಾರಿಕೆಯ ಕಂಪನಿಗಳನ್ನು ನೋಡಿ ಒಂದು ವಿಷಯ ಹೇಳಿದರು. ಸಂಶೋಧನೆಯವರು ವರ್ಷಗಳ ಲೆಕ್ಕದಲ್ಲಿ ಯೋಚಿಸುತ್ತಾರೆ, ಉತ್ಪಾದನೆಯವರು ದಿನಗಳ ಲೆಕ್ಕದಲ್ಲಿ. ಬೇಗ ಬದಲಾಗುವ ಉದ್ಯಮದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳು ಈ ವ್ಯತ್ಯಾಸವನ್ನು ಅಳಿಸಿರಲಿಲ್ಲ. ಅವರವರ ರೀತಿಯಲ್ಲಿ ಯೋಚಿಸಲು ಬಿಟ್ಟು, ನಡುವೆ ಸೇತುವೆಯ ಕೆಲಸಕ್ಕೆ ಜನ ಇಟ್ಟಿದ್ದವು. ಭಿನ್ನಾಭಿಪ್ರಾಯ ಬಂದರೆ ಮುಚ್ಚಿಡದೆ, ಮೇಲಿನಿಂದ ಒತ್ತದೆ, ಎದುರಾಬದುರು ಮಾತಾಡಿ ಬಗೆಹರಿಸುತ್ತಿದ್ದವು.

## ಆ ಟಿಕೆಟ್ ಕೊನೆಗೆ ಏನಾಯ್ತು

ಇಪ್ಪತ್ತನೇ ದಿನ ಸಪೋರ್ಟ್‌ನ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಬಿಲ್ಲಿಂಗ್‌ನವರ ಜಾಗಕ್ಕೆ ಹೋಗಿ, ಅಲ್ಲಿಂದ ಒಬ್ಬರನ್ನು ಎಬ್ಬಿಸಿಕೊಂಡು ಸಾಫ್ಟ್‌ವೇರ್‌ನವರ ಹತ್ತಿರ ಬಂದಳು. ಬಿಲ್ಲನ್ನು ಪರದೆ ಮೇಲೆ ಹಾಕಿ ಮೂವರೂ ಒಟ್ಟಿಗೆ ನೋಡಿದರು. ಪ್ಲಾನ್ ಬದಲಾದ ದಿನವನ್ನು ಹಳೇ ಪ್ಲಾನಿಗೂ ಸೇರಿಸಿ, ಹೊಸ ಪ್ಲಾನಿಗೂ ಸೇರಿಸಿ ಲೆಕ್ಕ ಆಗಿತ್ತು. ಬಿಲ್ಲಿಂಗ್ ಕೊಟ್ಟ ನಿಯಮದಲ್ಲಿ ಆ ದಿನ ಯಾರ ಪಾಲು ಅಂತ ಬರೆದೇ ಇರಲಿಲ್ಲ. ಸಾಫ್ಟ್‌ವೇರ್ ಬರೆದವರು ಕೇಳಿಯೂ ಇರಲಿಲ್ಲ. "ನಮ್ಮ ಕಡೆ ಸರಿ ಇದೆ" ಅಂತ ಇಬ್ಬರೂ ಹೇಳಿದ್ದು ನಿಜವೇ. ತಪ್ಪು ಇದ್ದದ್ದು ನಡುವೆ. 40 ನಿಮಿಷದಲ್ಲಿ ಮುಗಿಯಿತು.

ಆಮೇಲೆ ಎರಡು ಸಣ್ಣ ಬದಲಾವಣೆ ಬಂದವು. ಟಿಕೆಟ್ಟಿನ ಗಡಿಯಾರ ಯಾರ ಹತ್ತಿರ ಇದ್ದರೂ ನಿಲ್ಲುವುದಿಲ್ಲ, ಗ್ರಾಹಕರು ದೂರು ಕೊಟ್ಟ ಹೊತ್ತಿನಿಂದ ಓಡುತ್ತದೆ, ಮೂರೂ ಟೀಮಿನ ವರದಿಯಲ್ಲಿ ಅದೇ ಸಂಖ್ಯೆ ಬರುತ್ತದೆ. ಎರಡನೆಯದು, ಒಂದು ಟಿಕೆಟ್ ಎರಡನೇ ಸಲ ವಾಪಸ್ ಬಂದರೆ ಕಾಮೆಂಟ್ ಬರೆಯುವ ಹಾಗಿಲ್ಲ, ಫೋನ್ ಮಾಡಬೇಕು. ನಾನು ಆ ಆಫೀಸು ಬಿಡುವವರೆಗೂ ಟಿಕೆಟ್‌ಗಳು ಅತ್ತಿತ್ತ ಓಡಾಡುತ್ತಲೇ ಇದ್ದವು. ಆದರೆ ಮೂರನೇ ಸಲ ದಾಟಿದ್ದನ್ನು ನಾನು ನೋಡಿದ್ದು ಒಂದೋ ಎರಡೋ.